ಸಾಬವ್ವ ಕಟ್ಟಿದ ರೆಸಿಡೆನ್ಸಿ

ಸಾಬವ್ವನಿಗೆ ಹೊಟ್ಟೆಕಿಚ್ಚು ಅಂತ ಸೈಟಿನ ಕೂಲಿಗಳ ಪತ್ರಾಶೆಡ್ಡಿನ ಮಂದಿಯೆಲ್ಲ ಆಡಿಕೊಂಡರು. ಆಡಿಕೊಳ್ಳಲಿ. ಸುಳ್ಳೇನೂ ಅಲ್ಲವಲ್ಲ. ಶಿವಾನಿಯ ಹೆಸರು ಕಿವಿಗೆ ಬಿದ್ದರೆ ಸಾಕು, ಅವಳ ಎದೆಯಲ್ಲಿ ಖಾರ ಅರೆದ ಹಾಗಾಗುತ್ತಿತ್ತು. ಹೊಟ್ಟೆಕಿಚ್ಚು ಕೆಟ್ಟದ್ದು ಅಂತ ನೀತಿ ಹೇಳುವವರು ಬಹಳ ಜನ ಇದ್ದಾರೆ. ತುಂಬಿದ ಹೊಟ್ಟೆಯವರಿಗೆ ನೀತಿ ಹೇಳಲಿಕ್ಕೆ ಏನು ಧಾಡಿ? ತಾನು ಮೈ ಮುರಿದು ಮಾಡಿದ್ದನ್ನು ಇನ್ನೊಬ್ಬಳು ನನ್ನದು ಅಂದಾಗ ಉರಿಯದಿದ್ದರೆ ಅದು ಹೊಟ್ಟೆಯೇ ಅಲ್ಲ.

ಸಾಬವ್ವ ಇಂಡಿ ತಾಲೂಕಿನವಳು, ಊರ ಹೊರಗಿನ ಕೇರಿಯವಳು. ಗಂಡ ಸತ್ತ ವರ್ಷ ಪುಣೆಗೆ ಬಂದಳು. ಹನ್ನೊಂದು ವರ್ಷದಿಂದ ಸ್ಲ್ಯಾಬಿನ ಕೆಲಸ. ಚಾವಣಿಗೆ ಕಾಂಕ್ರೀಟು ಸುರಿಯುವುದು ಒಮ್ಮೆ ಶುರುವಾದರೆ ಮುಗಿಯುವ ತನಕ ನಿಲ್ಲುವಂತಿಲ್ಲ. ನಿಂತರೆ ಹಳೆಯದೂ ಹೊಸದೂ ಕೂಡುವುದಿಲ್ಲ, ಜಾಯಿಂಟು ಬೀಳುತ್ತದೆ, ಮಳೆಗಾಲದಲ್ಲಿ ಸೋರುತ್ತದೆ. ಅದಕ್ಕೆ ಹನ್ನೆರಡು ಹೆಂಗಸರು ನೆಲದಿಂದ ಮೇಲಿನ ತನಕ ಹಲಗೆಯ ಏರಿನ ಮೇಲೆ ಸಾಲಾಗಿ ನಿಲ್ಲಬೇಕು. ಕಾಂಕ್ರೀಟು ತುಂಬಿದ ಕಬ್ಬಿಣದ ಬುಟ್ಟಿ, ಅಂದರೆ ಘಮೇಲಾ, ಕೈಯಿಂದ ಕೈಗೆ ಏರಬೇಕು. ಒಂದೊಂದು ಘಮೇಲಾ ಇಪ್ಪತ್ತು ಕಿಲೋ. ಸಿಮೆಂಟಿನ ನೀರು ಬೆರಳ ಸಂದಿಯನ್ನು ತಿನ್ನುತ್ತದೆ. ಮುಟ್ಟಾದ ದಿನವೂ ಸೊಂಟ ತಿರುಗಬೇಕು. ಉಚ್ಚೆಗೆ ಹೋಗಲಿಕ್ಕೂ ಕೆಲಸ ಮಾಡಿಸುವ ಮುಕಾದಮ ಭೀಮಣ್ಣನ ಮುಖ ನೋಡಬೇಕು.

ಮಿಕ್ಸರಿನ ಸದ್ದಿನಲ್ಲಿ ಕಿವಿಯ ಹತ್ತಿರ ಬಂದು ಕೂಗದಿದ್ದರೆ ಏನೂ ಕೇಳಿಸುವುದಿಲ್ಲ. ಹಿಂದೊಂದು ಸೈಟಿನಲ್ಲಿ ಮುಂದೆ ನಿಂತ ಅಂಬಾ ಹಿಡಿದಿದ್ದಾಳೆ ಅಂದುಕೊಂಡು ಹಿಂದಿನವಳು ಕೈ ಬಿಟ್ಟಳು. ಹಿಡಿದಿರಲಿಲ್ಲ. ತುಂಬಿದ ಘಮೇಲಾ ಅಂಬಾಳ ಕಾಲಿನ ಮೇಲೆ ಬಿತ್ತು. ಎರಡು ಬೆರಳು ಹೋದವು. ಅಯ್ಯೋ ಪಾಪ ಅನ್ನಲಿಕ್ಕೂ ಯಾರೂ ಬರಲಿಲ್ಲ. ಮರುದಿನ ಸಾಬವ್ವನೇ ಒಂದು ಕಟ್ಟಳೆ ಮಾಡಿದಳು. ಕೊಡುವವಳು ಹಿಮ್ಮಡಿಯಿಂದ ಹಲಗೆಗೆ ಒಂದು ಸಲ ಬಡಿಯಬೇಕು. ಹಿಡೀತೀಯೇನ? ತೆಗೆದುಕೊಳ್ಳುವವಳು ಎರಡು ಸಲ ಬಡಿಯಬೇಕು. ಹಿಡೀತೀನಿ, ಕೊಡು. ಕಿವಿಗೆ ಕೇಳದಿದ್ದರೂ ಹಲಗೆಯ ನಡುಕ ಅಂಗಾಲಿಗೆ ತಿಳಿಯುತ್ತದೆ. ಉತ್ತರ ಬರುವ ತನಕ ಘಮೇಲಾ ಬಿಡುವಂತಿಲ್ಲ. ಹಡೆದ ತಾಯಿ ಬಂದು ನಿಂತರೂ ಬಿಡುವಂತಿಲ್ಲ. ಒಂದು ಬಡಿತ, ಎರಡು ಬಡಿತ, ಸೊಂಟದ ತಿರುವು, ಖಾಲಿ ಘಮೇಲಾ ಎಡಗೈಯಿಂದ ವಾಪಸು. ಆಮೇಲೆ ನಾಲ್ಕು ವರ್ಷ ಯಾರ ಬೆರಳೂ ಹೋಗಲಿಲ್ಲ.

ಇದನ್ನು ಕುಣಿತ ಅಂತ ಮೊದಲು ಕರೆದವಳು ಶಿವಾನಿ.

ಶಿವಾನಿ ಸಿಮೆಂಟು ವ್ಯಾಪಾರಿ ಶಿವರುದ್ರಪ್ಪನ ಮಗಳು. ವಿಜಾಪುರದ ಮಂದಿ, ಪುಣೆಯಲ್ಲಿ ದೊಡ್ಡ ಗೋದಾಮು. ಹುಡುಗಿ ಭರತನಾಟ್ಯ ಕಲಿತಿದ್ದಳು. ಅದರಲ್ಲಿ ಪೈಪೋಟಿ ಬಹಳವಾಯಿತು ಅಂತ, ಸಾಮಾನ್ಯ ಮಂದಿಯನ್ನು ಕೂಡಿಸಿ ಕುಣಿಸುವ ಕಮ್ಯುನಿಟಿ ಡ್ಯಾನ್ಸ್ ಅನ್ನುವುದನ್ನು ಹಿಡಿದಿದ್ದಳು. ಎರಡು ಸಾವಿರದ ಎರಡನೇ ಇಸವಿಯಲ್ಲಿ ಒಂದು ಮುಂಜಾನೆ ಅಪ್ಪನ ಕಾರಿನಲ್ಲಿ ಮಗರಪಟ್ಟಾದ ಹತ್ತಿರದ ಸೈಟಿಗೆ ಬಂದವಳು ಸಾಲು ನೋಡಿ ಅಲ್ಲೇ ನಿಂತಳು.

"ಅಯ್ಯ, ಎಷ್ಟ ಛಂದ ಕುಣೀತೀರಿ ನೀವು!"

ಹೆಂಗಸರು ನಕ್ಕರು. "ಕುಣಿಯೂದಲ್ರಿ ಅಕ್ಕೋರ, ದುಡಿಯೂದು," ಅಂದಳು ಸಾಬವ್ವ.

ಅಲ್ಲಿಂದ ಪ್ರತಿ ಗುರುವಾರ, ಸೈಟಿಗೆ ಸೂಟಿ ಇದ್ದ ದಿನ, ಶಿವಾನಿ ಬಂದಳು. ಸಾಬವ್ವನ ಚಾಪೆಯ ಮೇಲೆ ಕುಳಿತಳು. ಸಾಬವ್ವಕ್ಕಾ ಅಂತ ಕರೆದಳು, ಹೆಗಲ ಮೇಲೆ ಕೈ ಹಾಕಿದಳು. ಹೆಜ್ಜೆಗಳನ್ನು ಒಂದೊಂದಾಗಿ ಕೇಳಿ ಕಲಿತಳು, ವೀಡಿಯೋ ತೆಗೆದಳು. ಸಾಬವ್ವ ನೀರು ಕೊಟ್ಟರೆ ಮಾತ್ರ, "ನನ್ನ ಬಾಟಲಿ ಅದ ಅಕ್ಕಾ," ಅನ್ನುತ್ತಿದ್ದಳು. ಒಂದು ವರ್ಷ ಬಂದಳು. ಒಂದು ವರ್ಷ ಬಾಟಲಿ ಇತ್ತು. ಸಾಬವ್ವನಿಗೆ ತಿಳಿಯಲಿಲ್ಲ ಅಂತಲ್ಲ. ನಮ್ಮ ಕೇರಿಯ ಹೆಂಗಸರಿಗೆ ಬಾಟಲಿಯ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೂ ಸುಮ್ಮನಿದ್ದಳು. ಯಾಕೆಂದರೆ ಜೀವಮಾನದಲ್ಲಿ ಮೊದಲ ಸಲ ಒಬ್ಬರು ಎದುರಿಗೆ ಕುಳಿತು, ಇದನ್ನು ನೀವು ಹೇಗೆ ಮಾಡುತ್ತೀರಿ, ಹೇಳಿಕೊಡಿ ಅಂತ ಕೇಳಿದ್ದರು.

ಶಿವಾಜಿನಗರದ ಒಂದು ಕಾಲೇಜಿನ ಸಭಾಂಗಣದಲ್ಲಿ ಹೆಂಗಸರ ಸಾಲನ್ನೇ ಕುಣಿಸಿ ಆಟ ಇಡುವುದೆಂದಾಯಿತು. ಶಿವಾನಿ ಹೊಸ ಘಮೇಲಾ ತಂದು ಹಳದಿ ಬಣ್ಣ ಬಳಿಸಿದಳು. ಒಳಗೆ ಏನೂ ಇಲ್ಲ, ಹೂವಿನಷ್ಟು ಹಗುರ. ತಾಲೀಮಿನಲ್ಲಿ ಒಂದು ತಕರಾರು ಬಂತು.

"ಅಕ್ಕಾ, ಆ ಎರಡ ಬಡಿತ ತಗದು ಬಿಡೂಣು. ಲಯ ಕೆಡ್ತದ."

"ಎರಡ ಬಡೀಲಿಲ್ಲಂದ್ರ ಕೊಡೂದು ಹ್ಯಾಂಗ್ರಿ ಅಕ್ಕೋರ?"

"ಇದು ಸ್ಟೇಜ್ ಅದ. ಇಲ್ಲಿ ಯಾರ ಮ್ಯಾಲೂ ಏನೂ ಬೀಳೂದಿಲ್ಲ."

ಬಡಿತ ಹೋಯಿತು. ಕೇಳುವ ಹಿಮ್ಮಡಿ ಉಳಿಯಿತು, ಉತ್ತರ ಕೊಡುವ ಹಿಮ್ಮಡಿ ಹೋಯಿತು. ಆಟದ ದಿನ ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಶಿವಾನಿ ಮೈಕು ಹಿಡಿದು ಇಂಗ್ಲಿಷಿನಲ್ಲಿ ಮಾತಾಡಿದಳು. ಮಾತಿಗೊಮ್ಮೆ ಮೈ, ಮೈ ಅನ್ನುತ್ತಿದ್ದಳು. ಸಾಬವ್ವ ಪಕ್ಕದಲ್ಲಿದ್ದ, ಸಾಲಿನ ಜತೆಗಾತಿ ಸಾವಂತ್ರವ್ವನ ಪಕ್ಕೆಗೆ ತಿವಿದಳು.

"ಕೇಳಿದೇನ? ನಮ್ಮ ಮೈ ಬಗ್ಗೆ ಹೇಳಾಕತ್ತಾಳ."

ಸಾವಂತ್ರವ್ವನೂ ಕಿವಿಗೊಟ್ಟಳು. ಹೌದು, ಮೈ ಅಂತಲೇ ಅನ್ನುತ್ತಿದ್ದಳು. ಸಾಬವ್ವನ ಕಣ್ಣಲ್ಲಿ ನೀರು ಬಂತು. ಈ ಮೈ ಬಗ್ಗೆ ಇಷ್ಟು ವರ್ಷ ಮಾತಾಡಿದವರು ಯಾರು? ಭೀಮಣ್ಣ ಬೈಯುವಾಗ ಆಡಿದ್ದನ್ನು ಬಿಟ್ಟರೆ ಯಾರೂ ಇಲ್ಲ. ಅವತ್ತು ಅವಳು ಗೆದ್ದು ಬಂದವಳಂತೆ ಬಸ್ಸಿನಲ್ಲಿ ಕುಳಿತಳು.

ಮುಂದಿನ ಚಳಿಗಾಲದಲ್ಲಿ ಶಿವಾನಿ ಒಂದು ಕಾಗದ ಹಿಡಿದುಕೊಂಡು ಓಡಿ ಬಂದಳು. "ಸಾಬವ್ವಕ್ಕಾ, ನಮ್ಮ ಡ್ಯಾನ್ಸಿಗೆ ರೆಸಿಡೆನ್ಸಿ ಸಿಕ್ತು!"

"ಭಾಳ ಛಲೋ ಆತ್ರಿ. ಎಷ್ಟನೇ ಮಾಳಿಗೀರಿ?"

"ಮಾಳಿಗಿ?"

"ರೆಸಿಡೆನ್ಸಿ ಅಂದ್ರಲ್ರಿ. ಲಿಫ್ಟ್ ಅದನೋ ಇಲ್ಲೋ? ಮ್ಯಾಲಿನ ಮಾಳಿಗಿ ತಗೋಬ್ಯಾಡ್ರಿ, ಸ್ಲ್ಯಾಬ್ ಸೋರ್ತದ."

ಶಿವಾನಿ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಂಥದ್ದೇನಿತ್ತು? ಸಾಬವ್ವ ಕಟ್ಟಿದ್ದೆಲ್ಲ ರೆಸಿಡೆನ್ಸಿಗಳೇ. ಹಡಪಸರದಲ್ಲಿ ಗಣೇಶ ರೆಸಿಡೆನ್ಸಿ, ವಾನವಡಿಯಲ್ಲಿ ಒಂದು ರೆಸಿಡೆನ್ಸಿ, ಮುಂಢವಾದಲ್ಲಿ ಎರಡು. ಕಟ್ಟಿ ಮುಗಿದ ಮೇಲೆ ಗೇಟಿನ ಒಳಗೆ ಕಾಲಿಟ್ಟರೆ ವಾಚ್‌ಮನ್ ಹೊರಗೆ ದಬ್ಬುತ್ತಿದ್ದ. ಅವಳಿಗೆ ತಿಳಿದ ರೆಸಿಡೆನ್ಸಿ ಅಂಥದ್ದು.

"ಮನಿ ಅಲ್ಲ ಅಕ್ಕಾ. ಹಾಲೆಂಡಿನಾಗ ಮೂರು ತಿಂಗಳು ಇರೂದು. ಎಲ್ಲಾ ದೇಶದ ಕಲಾವಿದರು ಬರ್ತಾರ. ಅವರೇ ಇರಾಕ ಕೋಲಿ ಕೊಡ್ತಾರ, ಊಟ ಕೊಡ್ತಾರ. ಮನಸಿಗೆ ಬಂದಾಗ ಕುಣಿಯೂದು, ಇಲ್ಲಂದ್ರ ಸುಮ್ಮ ಕೂತು ವಿಚಾರ ಮಾಡೂದು."

"ಮತ್ತ ದುಡಿಯೂದು?"

"ಅದೇ ದುಡಿಯೂದು."

ಸಾಬವ್ವ ಬಾಯಿ ತೆರೆದು ಕೇಳಿದಳು. ಮೂರು ತಿಂಗಳು. ಮಂಚದ ಮೇಲೆ ಮಲಗುವುದು. ಯಾರೋ ಬೇಯಿಸಿ ಹಾಕುವುದು. ಸುಮ್ಮನೆ ಕೂಡುವುದು! "ನಾವು ಯಾವಾಗ ಹೊಂಡೂದ್ರಿ?" ಅಂದಳು.

ಶಿವಾನಿಯ ನಗು ನಿಂತಿತು. "ಅದು ಒಬ್ಬರಿಗೇ ಅದ ಅಕ್ಕಾ. ಕಲಾವಿದರಿಗೆ ಮಾತ್ರ."

"ಮತ್ತ ನಾವು?"

"ನೀವು ಕಮ್ಯುನಿಟಿ."

"ಹಂಗಂದ್ರ?"

"ಹಂಗಂದ್ರ ನೀವೆಲ್ಲಾರೂ ಕೂಡಿ. ಈ ಕುಣಿತ ಯಾರೋ ಒಬ್ಬರದಲ್ಲಲ್ಲ ಅಕ್ಕಾ. ಎಲ್ಲಾರದು."

ಎಂಥ ಛಂದದ ಮಾತು! ಕುಣಿತ ಎಲ್ಲರದು, ವಿಮಾನ ಒಬ್ಬಳದು.

ಒಂದು ಸಂಗತಿ ಸಾಬವ್ವ ಯಾರಿಗೂ ಹೇಳಿರಲಿಲ್ಲ. ಕುಣಿತಕ್ಕಾಗಿ ಹಾಲೆಂಡಿಗೆ ಅರ್ಜಿ ಹೋಗಿದೆ ಅಂತ ಶಿವಾನಿ ಹೇಳಿದ ವಾರವೇ, ಅದರ ಹೆಸರು ರೆಸಿಡೆನ್ಸಿ ಅಂತ ತಿಳಿಯುವ ಮೊದಲೇ, ಅವಳು ಅಂಬಾಳ ರೇಷ್ಮೆ ಸೀರೆ ಉಟ್ಟುಕೊಂಡು ಶಿವಾಜಿನಗರದ ಸ್ಟ್ಯಾಂಡಿನ ಎದುರಿನ ಸ್ಟುಡಿಯೋಕ್ಕೆ ಹೋಗಿ ಪಾಸ್‌ಪೋರ್ಟಿನ ಫೋಟೋ ತೆಗೆಸಿಕೊಂಡು ಬಂದಿದ್ದಳು. ಕಿವಿ ಕಾಣಬೇಕು ಅಂತ ಫೋಟೋದವನು ಸೆರಗು ಸರಿಸಲು ಹೇಳಿದ್ದ. ವಿಮಾನ ಒಬ್ಬಳದೇ ಅಂತ ತಿಳಿದ ದಿನ ಸಂಜೆ ಆ ನಾಲ್ಕು ಫೋಟೋ ತೆಗೆದು ಒಲೆಗೆ ಹಾಕಿದಳು. ಬೆಂಕಿ ಹತ್ತಿದಾಗ ಗಬ್ಬು ನಾತ ಬಂತು.

ಅಲ್ಲಿಂದ ಹೊಟ್ಟೆಕಿಚ್ಚು ಶುರುವಾಯಿತು. ಶಿವಾನಿ ಥಂಡಿಗೆ ಅಂತ ಹೊಸ ಕೋಟು ತಂದು ತೋರಿಸಿದಳು. ಹೆಂಗಸರೆಲ್ಲ ಮುಟ್ಟಿ ನೋಡಿದರು. ಸಾವಂತ್ರವ್ವ ಒಂದು ಗಳಿಗೆ ತೊಟ್ಟುಕೊಂಡು ಮೆರೆದಳು. ಸಾಬವ್ವ ಮುಟ್ಟಲಿಲ್ಲ. ಕೋಟಿನ ಮೇಲೆ, ಬೂಟಿನ ಮೇಲೆ, ಶಿವಾನಿಯ ಮೆತ್ತನೆಯ ಅಂಗಾಲಿನ ಮೇಲೆ, ಅವಳ ಬಾಯಲ್ಲಿ ಪಟಪಟ ಬರುವ ಇಂಗ್ಲಿಷಿನ ಮೇಲೆ, ಎಲ್ಲದರ ಮೇಲೂ ಅವಳ ಕಣ್ಣು ಉರಿಯಿತು. ಆ ಕೋಟಿಗೆ ಸಿಮೆಂಟಿನ ನೀರು ಹೊಯ್ಯಬೇಕು ಅನ್ನಿಸಿತು. ವಿಮಾನ ಹಾಳಾಗಿ ಹೋಗಲಿ ಅಂತ ಎಲ್ಲವ್ವ ದೇವಿಗೆ ಹರಕೆ ಹೊರುವಷ್ಟು ಸಿಟ್ಟು ಬಂತು. ಮತ್ತೆ ತನಗೇ ಹೇಸಿಕೆಯಾಗಿ ಬಾಯಿ ಮುಕ್ಕಳಿಸಿ ಉಗುಳಿದಳು.

"ಹೊಟ್ಟಿಕಿಚ್ಚ ಪಡಬ್ಯಾಡ ಸಾಬವ್ವ," ಅಂದಳು ಸಾವಂತ್ರವ್ವ. "ಆಕಿ ಕಲತಾಕಿ. ನಿಂಗ ಅಲ್ಲಿ ಹೋಗಿ ಏನ ಮಾತಾಡಾಕ ಬರ್ತದ?"

"ಕುಣಿಯಾಕ ಮಾತ ಬೇಕೇನ?"

"ಬೇಕs ಬೇಕು. ಇಲ್ಲಿಕಂದ್ರ ನಿನ್ನ ಯಾಕ ಬಿಟ್ಟ ಹೊಂಟಾಳ?"

ಶೆಡ್ಡಿನ ತುಂಬ ಈ ಹೊಟ್ಟೆಕಿಚ್ಚಿನ ಸುದ್ದಿ ಹಬ್ಬಿಸಿದವಳೂ ಸಾವಂತ್ರವ್ವನೇ. ಶಿವಾನಿಯ ಕಡೆಗೆ ಇದ್ದರೆ ಮುಂದಿನ ಸಲ ತನ್ನನ್ನಾದರೂ ಕರೆಯುತ್ತಾಳೆ ಅಂತ ಅವಳ ಲೆಕ್ಕ. ಬಡವರ ಬಾಯನ್ನು ಬಡವರಿಂದಲೇ ಮುಚ್ಚಿಸುವುದು ಹೀಗೆ.

ಒಂದು ದಿನ ಶಿವಾನಿ ಹೊಳೆಯುವ ಕಾಗದದ ಪುಸ್ತಿಕೆ ಹಂಚಿದಳು. ಹಾಲೆಂಡಿಗೆ ಕಳಿಸಿದ್ದು ಅದನ್ನೇ. ಮೇಲಿನ ಪುಟದಲ್ಲಿ ಒಂದು ಹಿಮ್ಮಡಿಯ ದೊಡ್ಡ ಫೋಟೋ. ಸುಣ್ಣ ಸಿಮೆಂಟು ತಿಂದು ಬಿರುಕು ಬಿಟ್ಟ ಹಿಮ್ಮಡಿ, ಪಕ್ಕದಲ್ಲಿ ಮೊಳೆ ಹೊಕ್ಕ ಹಳೆಯ ಗಾಯದ ಕಲೆ. ಸಾಬವ್ವ ತನ್ನ ಕಾಲು ಎತ್ತಿ ನೋಡಿಕೊಂಡಳು. ತನ್ನದೇ. ಮುಖ ಎಲ್ಲೂ ಇರಲಿಲ್ಲ. ಹಿಮ್ಮಡಿ ಹಾಲೆಂಡಿಗೆ ಹೋಗಿ ಮುಟ್ಟಿತ್ತು, ಹಿಮ್ಮಡಿಯವಳು ಶೆಡ್ಡಿನಲ್ಲಿದ್ದಳು. ಅವಳಿಗೆ ತನ್ನ ಕಾಲಿನ ಮೇಲೆಯೇ ಹೊಟ್ಟೆಕಿಚ್ಚಾಯಿತು. ನೋಡಿ, ಎಲ್ಲಿಗೆ ಬಂತು!

ಕೆಳಗೆ ದೊಡ್ಡ ಅಕ್ಷರದಲ್ಲಿ ಏನೋ ಬರೆದಿತ್ತು. ಹಾಜರಿ ಬರೆಯುವ ಅಪ್ಪಾಸಾಹೇಬ ಜತ್ತಿನ ಕಡೆಯವನು, ಕನ್ನಡ ಬಲ್ಲವನು, ಮೆಟ್ರಿಕ್ ಪಾಸು. ಅವನ ಹತ್ತಿರ ಒಯ್ದಳು.

"ಓದ್ರಿ ಇದನ್ನ."

"ಮೈ ಸ್ಟೆಪ್ಸ್."

"ಮೈ ಅಂದ್ರ ನಮ್ಮ ಮೈ ಅಲ್ರಿ?"

ಅಪ್ಪಾಸಾಹೇಬ ಕನ್ನಡಕದ ಮೇಲಿನಿಂದ ನೋಡಿದ. "ಹುಚ್ಚಿ, ಇಂಗ್ಲಿಷ್‌ದಾಗ ಮೈ ಅಂದ್ರ ನಂದು. ನನ್ನ ಹೆಜ್ಜಿ ಅಂತ ಬರದಾರ. ಕೆಳಗ ಶಿವಾನಿ ಅಂತ ಹೆಸರದ."

ಸಾಬವ್ವ ಅಲ್ಲೇ ಮರಳಿನ ರಾಶಿಯ ಮೇಲೆ ಕುಳಿತಳು. ಚಪ್ಪಾಳೆಯ ದಿನ ಅಷ್ಟೊಂದು ಸಲ ಕೇಳಿದ್ದು ಇದೇ ಮಾತು. ಪ್ರತಿ ಸಲವೂ ಅವಳು ತಲೆಯಾಡಿಸಿದ್ದಳು. ನಂದು, ನಂದು, ನಂದು ಅಂತ ಶಿವಾನಿ ಅನ್ನುತ್ತಿದ್ದರೆ ಇವಳು ಹೌದ್ರಿ, ಹೌದ್ರಿ ಅಂತ ಕಣ್ಣೀರು ಒರೆಸಿಕೊಂಡಿದ್ದಳು.

ಹದಿನೈದು ದಿನದಲ್ಲಿ ಹಾಲೆಂಡಿನಿಂದ ಒಬ್ಬಳು ಬಂದಳು. ರೆಸಿಡೆನ್ಸಿ ನಡೆಸುವವಳೇ. ನರೆತ ಕೂದಲು, ಎತ್ತರದ ಹೆಂಗಸು. ಕುಣಿತ ಹುಟ್ಟಿದ ಜಾಗ ನೋಡಬೇಕು ಅಂದಿದ್ದಳಂತೆ. ಅವತ್ತು ಮೂರನೇ ಮಾಳಿಗೆಯ ಸ್ಲ್ಯಾಬು. ಮಿಕ್ಸರು ಮುಂಜಾನೆಯೇ ಶುರುವಾಗಿತ್ತು. ಶಿವಾನಿ ಹಸಿರು ಚೂಡಿದಾರ ತೊಟ್ಟು, ಬೂಟು ಹಾಕಿ ಬಂದಳು. ಶಿವರುದ್ರಪ್ಪನೂ ಬಂದಿದ್ದ. ಭೀಮಣ್ಣ ಅವನ ಮುಂದೆ ಕೈ ಕಟ್ಟಿ ನಿಂತ.

"ಸಾಬವ್ವಕ್ಕಾ, ನಾನೂ ಸಾಲಿನಾಗ ನಿಲ್ತೀನಿ. ನಿಮ್ಮ ಮುಂದ. ಒಂದs ಐದು ಮಿನಿಟು, ಅವರು ವೀಡಿಯೋ ತಗೀತಾರ," ಅಂದಳು ಶಿವಾನಿ. "ನೀವು ಸ್ಟೇಜಿನ ಮ್ಯಾಲ ಮಾಡಿದಂಗs ಮಾಡ್ರಿ."

ಸಾಬವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ತನ್ನ ಹಲಗೆಯ ಮೇಲೆ ನಿಂತಳು. ಹಿಂದೆ ಅಂಬಾ. ಮುಂದೆ ಶಿವಾನಿ. ಶಿವಾನಿಯ ಆಚೆ ಸಾವಂತ್ರವ್ವ.

ಘಮೇಲಾ ಏರಿತು. ಅಂಬಾ ಒಂದು ಬಡಿದಳು, ಸಾಬವ್ವ ಎರಡು ಬಡಿದು ತೆಗೆದುಕೊಂಡಳು. ಇಪ್ಪತ್ತು ಕಿಲೋ ಹಸಿ ಕಾಂಕ್ರೀಟು. ಶಿವಾನಿಯ ಕಡೆ ತಿರುಗಿ ಹಿಮ್ಮಡಿಯಿಂದ ಒಂದು ಬಡಿದಳು.

ಶಿವಾನಿ ನಗುಮುಖದಿಂದ ಎರಡೂ ಕೈ ಚಾಚಿದಳು. ಕಾಲು ಅಲುಗಲಿಲ್ಲ.

ಸಾಬವ್ವ ಕೊಡಲಿಲ್ಲ.

ಮತ್ತೊಮ್ಮೆ ಬಡಿದಳು. ಶಿವಾನಿ ಕ್ಯಾಮೆರಾದ ಕಡೆ ನೋಡುತ್ತ ತುಟಿಯಲ್ಲೇ ಅಂದಳು, "ಕೊಡ್ರಿ ಅಕ್ಕಾ." ಸಾಬವ್ವ ಘಮೇಲಾ ಎದೆಗೊತ್ತಿ ನಿಂತಳು. ಹಿಂದೆ ಇನ್ನೊಂದು ಬಂದು ಅಂಬಾಳ ಕೈಯಲ್ಲಿ ನಿಂತಿತು, ಅದರ ಹಿಂದೆ ಮತ್ತೊಂದು. ಇಡೀ ಸಾಲು ತುಂಬಿದ ಕೈಗಳಿಂದ ನಿಂತುಬಿಟ್ಟಿತು.

"ಏ ಸಾಬಿ! ಜಾಯಿಂಟ್ ಬೀಳ್ತದ! ಕೊಡs ಮುಂದಕ್ಕ!" ಭೀಮಣ್ಣ ಹಲಗೆ ಏರಿ ಬಂದು ಅವಳ ಕಿವಿಗೇ ಕೂಗಿದ. ಕೆಟ್ಟ ಬೈಗುಳ ಬೈದ. ಮೈಯ ಬಗ್ಗೆಯೇ ಬೈದ.

"ಆಕಿ ಹಿಡೀತೀನಿ ಅಂದಿಲ್ಲ. ನಾ ಕೊಡಾಂಗಿಲ್ಲ."

"ಕೈ ಚಾಚ್ಯಾಳಲ್ಲs!"

"ಕೈ ಎಲ್ಲಾರೂ ಚಾಚ್ತಾರ. ಕಾಲಿಂದ ಹೇಳಬೇಕು. ಹೇಳಾಕ ಆಕಿಗೆ ಬರೂದಿಲ್ಲ, ಯಾಕಂದ್ರ ಅದನ್ನ ಕುಣಿತದಾಗಿಂದ ತಗದ ಒಗದಾಳ." ಸಾಬವ್ವ ಶಿವಾನಿಯ ಕಡೆ ತಿರುಗಿದಳು. ಅಕ್ಕೋರು ಅನ್ನುವುದು ನಾಲಗೆಯಿಂದ ಬಿದ್ದುಹೋಗಿತ್ತು. "ಅಂಬಾನ ಬೆರಳ ಹೋದ ಮ್ಯಾಲ ನಾ ಮಾಡಿದ ಹೆಜ್ಜಿ ಇದು. ನನ್ನ ಹೆಜ್ಜಿ ನಿಂದು ಅಂತ ಬರದೀಯಲ್ಲ, ಇಸ್ಕೋ ನೋಡೂಣು. ಇಪ್ಪತ್ತ ಕಿಲೋ ಅದ. ಮೊದಲ ಉತ್ತರ ಕೊಡು."

ಶಿವಾನಿಯ ಮುಖ ಕೆಂಪಾಯಿತು. "ನಿಮಗ ಹೊಟ್ಟಿಕಿಚ್ಚು ಸಾಬವ್ವಕ್ಕಾ. ಮಂದಿ ಮುಂದ ಹಿಂಗ ನನ್ನ ಮರ್ಯಾದಿ ತಗೀತೀರಿ?"

"ಹೌದು, ಹೊಟ್ಟಿಕಿಚ್ಚು! ಯಾಕ ಇರಬಾರದು? ಮೂರ ತಿಂಗಳ ಸುಮ್ಮ ಕೂಡಬೇಕಂತ ನನಗೂ ಆಸೆ ಅದ. ನಾನೂ ವಿಮಾನ ಹತ್ತಾಕಿ. ನನ್ನ ಮನ್ಯಾಗ ಒಂದ ಗುಟುಕ ನೀರ ಕುಡೀದಾಕಿ ನೀ, ನನ್ನ ಕಾಲ ಹೊತ್ಕೊಂಡ ಹೊಂಟೀದಿ. ಇದನ್ನ ಆ ಹಾಲೆಂಡಿನಾಕಿಗೆ ಹೇಳು. ಹಿಂಗs ಹೇಳು."

ಹಲಗೆಯ ಪಕ್ಕದಲ್ಲೇ ಮಾಳಿಗೆಯ ಅಂಚಿನಲ್ಲಿ ನಿಂತಿದ್ದ ಹಾಲೆಂಡಿನವಳು ಕ್ಯಾಮೆರಾ ಇಳಿಸಿ ಏನೋ ಕೇಳಿದಳು. ಶಿವಾನಿ ಎರಡು ಮಾತು ಹೇಳಿ ನಕ್ಕಳು. ಆ ಹೆಂಗಸೂ ತಲೆಯಾಡಿಸಿ ನಕ್ಕಳು.

"ನಾ ಇಷ್ಟ ಹೇಳೀನಿ, ನೀ ಎರಡs ಮಾತಿನಾಗ ಮುಗಿಸಿದಿ?"

ಮಾತು ಶಿವಾನಿಯ ಕೈಯಲ್ಲೇ ಇತ್ತು. ಕನ್ನಡವೂ ಅವಳದು, ಇಂಗ್ಲಿಷೂ ಅವಳದು. ಸಾಬವ್ವನ ರಟ್ಟೆಯ ನರ ಸೆಳೆಯುತ್ತಿತ್ತು. ಕಾಂಕ್ರೀಟಿನ ನೀರು ರವಿಕೆ ತೋಯಿಸಿ ಹೊಟ್ಟೆಯ ಮೇಲೆ ಹರಿಯಿತು. ಅವಳು ಮಾತು ಬಿಟ್ಟಳು. ಮತ್ತೆ ಒಂದು ಬಡಿದಳು.

ಹಿಂದಿನಿಂದ ಅಂಬಾ ಬಡಿದಳು, ಬೆರಳಿಲ್ಲದ ಕಾಲಿನ ಹಿಮ್ಮಡಿಯಿಂದ. ಅವಳ ಹಿಂದಿನವಳು ಬಡಿದಳು. ಅದರ ಹಿಂದಿನವಳು. ಕೈಯಲ್ಲಿ ಭಾರ ಹಿಡಿದುಕೊಂಡೇ ಕೆಳಗಿನ ತನಕ ಎಲ್ಲರೂ ಬಡಿಯತೊಡಗಿದರು. ಒಂದೇ ಬಡಿತ, ಒಂದೇ ಪ್ರಶ್ನೆ. ಹಲಗೆ ಶಿವಾನಿಯ ಬೂಟಿನ ಕೆಳಗೆ ನಡುಗಿತು. ಭೀಮಣ್ಣ ಓಡಿ ಹೋಗಿ ಮಿಕ್ಸರು ಬಂದ್ ಮಾಡಿಸಿದ. ಈಗ ಹಿಮ್ಮಡಿಗಳ ಸದ್ದು ಇಡೀ ಸೈಟಿಗೆ ಕೇಳಿಸಿತು. ಕೆಳಗೆ ನಿಂತಿದ್ದ ಶಿವರುದ್ರಪ್ಪ ತಲೆ ಎತ್ತಿದ.

ಹಾಲೆಂಡಿನವಳ ನಗು ಹೋಗಿತ್ತು. ಅವಳು ಮೊಣಕಾಲೂರಿ ಕುಳಿತು ಹಲಗೆಯ ಮೇಲೆ ಅಂಗೈ ಇಟ್ಟಳು. ಸಾಬವ್ವನ ಹಿಮ್ಮಡಿ ನೋಡಿದಳು. ಚೀಲದಿಂದ ಪುಸ್ತಿಕೆ ತೆಗೆದು ಮೇಲಿನ ಪುಟ ನೋಡಿದಳು, ಮತ್ತೆ ಹಿಮ್ಮಡಿ ನೋಡಿದಳು. ಆಮೇಲೆ ಶಿವಾನಿಯನ್ನು ಮೆಲ್ಲಗೆ ಏನೋ ಕೇಳಿದಳು.

ಶಿವಾನಿ ಉತ್ತರ ಕೊಡಲಿಲ್ಲ. ಯಾವ ಭಾಷೆಯಲ್ಲೂ ಕೊಡಲಿಲ್ಲ. ಚಾಚಿದ ಕೈ ಇಳಿಸಿದಳು. ಬಂಬೂ ಹಿಡಿದುಕೊಂಡು, ಜಾರುವ ಬೂಟು ಊರಿಕೊಳ್ಳುತ್ತ, ಸಾಲಿನಿಂದ ಕೆಳಗಿಳಿದಳು.

ಸಾಲಿನಲ್ಲಿ ಒಂದು ಜಾಗ ಖಾಲಿಯಾಯಿತು. ಸಾವಂತ್ರವ್ವ ಒಂದು ಗಳಿಗೆ ಕೆಳಗೆ ನೋಡಿದಳು, ಶಿವಾನಿಯ ಬೆನ್ನು ನೋಡಿದಳು. ಆಮೇಲೆ ಒಂದು ಹೆಜ್ಜೆ ಇಳಿದು ಬಂದು ಸಾಬವ್ವನ ಎದುರಿಗೆ ನಿಂತು, ಹಿಮ್ಮಡಿಯಿಂದ ಎರಡು ಸಲ ಬಡಿದಳು.

ಸಾಬವ್ವ ಘಮೇಲಾ ಕೊಟ್ಟಳು.